ಕುಲಾವಿ ಹೆಣೆಯುತ್ತ ನಾಲ್ಕು ಹೊಸ ಪಾಠ

ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂದೊಡನೆ ನಿಟ್ಟಿಂಗ್ ಬಲ್ಲವರ ಮನಸ್ಸು ಮೊದಲು ಓಡುವುದು ಸ್ವೆಟರಿನ ಕಡೆಗೆ. ಆದರೆ ನಿಟ್ ಮತ್ತು ಪರ್ಲ್ ಎರಡನ್ನು ಮಾತ್ರ ಕಲಿತು, ಮಫ್ಲರಿನಿಂದಾಚೆಗೆ ಕಾಲಿಡದವರಿಗೆ ಸ್ವೆಟರ್ ಒಳ್ಳೆಯ ಗುರುವಲ್ಲ. ಅದರಲ್ಲಿ ಒಟ್ಟೊಟ್ಟಿಗೆ ಕಲಿಯಬೇಕಾದದ್ದು ಬಹಳ, ತಪ್ಪಿದರೆ ಬಿಚ್ಚಬೇಕಾದ ನೂಲೂ ಬಹಳ. ನಾಮಕರಣದ ದಿನವಂತೂ ಯಾರಿಗಾಗಿಯೂ ಕಾಯುವುದಿಲ್ಲ. ಕಿವಿ ಮುಚ್ಚಿ ಗಲ್ಲದ ಕೆಳಗೆ ಕಟ್ಟುವ ಕುಲಾವಿ ಹಾಗಲ್ಲ. ಅದಕ್ಕೆ ಬೇಕಾಗುವುದು ಹೆಚ್ಚೆಂದರೆ 30 ಗ್ರಾಂ ನೂಲು ಮತ್ತು ಐದಾರು ಸಂಜೆಗಳು. ಅಷ್ಟು ಚಿಕ್ಕದರೊಳಗೇ ನಾಲ್ಕು ಹೊಸ ವಿಧಾನಗಳನ್ನು ಒಂದಾದ ಮೇಲೊಂದರಂತೆ ಕಲಿಯುವ ಅವಕಾಶವಿದೆ: ಹಲ್ಲು ಹಲ್ಲಾದ ಮಡಿಕೆಯಂಚು, ಕಾಲುಚೀಲದ ಹಿಮ್ಮಡಿಯಂತೆ ತಿರುಗುವ ಹಿಂಬದಿ, ಹೆಣೆದ ಅಂಚಿನಿಂದ ಹೊಸ ಕುಣಿಕೆ ಎತ್ತುವುದು, ಮತ್ತು ಐ-ಕಾರ್ಡ್ ಎಂಬ ದುಂಡನೆಯ ದಾರ. ಒಂದು ಭಾಗ ಮುಗಿಯದೆ ಮುಂದಿನ ಪಾಠ ಶುರುವಾಗುವುದಿಲ್ಲ ಎಂಬುದೇ ಕುಲಾವಿಯನ್ನು ನಾನು ಆರಿಸಿಕೊಳ್ಳಲು ಕಾರಣ.

ಪದಗಳ ಬಗ್ಗೆ ಮೊದಲೇ ಒಂದು ಮಾತು. ಕಡ್ಡಿಯ ಮೇಲಿರುವ ಒಂದೊಂದು ಸ್ಟಿಚ್ಚನ್ನೂ ಇಲ್ಲಿ ಕುಣಿಕೆ ಎಂದಿದ್ದೇನೆ. ನಿಟ್, ಪರ್ಲ್ ಎಂಬುವನ್ನು ಕೆಲವು ಮನೆಗಳಲ್ಲಿ ಸೀದಾ, ಉಲ್ಟಾ ಎನ್ನುವುದುಂಟು. ನಾನು ನಿಟ್, ಪರ್ಲ್ ಎಂದೇ ಬರೆಯುತ್ತೇನೆ.

ಅಳತೆ, ನೂಲು, ಕಡ್ಡಿ

ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34 ಸೆಂ.ಮೀ. ಇರುತ್ತದೆ. ಮೂರು ತಿಂಗಳಿಗೆ ಅದು 40ರ ಆಸುಪಾಸಿಗೂ ಆರು ತಿಂಗಳಿಗೆ 43ರ ಹತ್ತಿರಕ್ಕೂ ಬೆಳೆಯುತ್ತದೆ. ಆದ್ದರಿಂದ ನಾಮಕರಣದ ದಿನದ ತಲೆಗೆ ಸರಿಹೊಂದುವಂತೆ ಹೆಣೆದ ಕುಲಾವಿ ಕೆಲವೇ ವಾರಗಳಲ್ಲಿ ಪೆಟ್ಟಿಗೆ ಸೇರುತ್ತದೆ. ಆಷಾಢದಲ್ಲಿ ಹುಟ್ಟಿದ ಮಗುವಿಗೆ ಮಾರ್ಗಶಿರದ ಚಳಿಯ ಹೊತ್ತಿಗೆ ಐದು ತಿಂಗಳಾಗಿರುತ್ತದೆಂದು ಲೆಕ್ಕ ಹಾಕಿ, ಆಗಿನ ತಲೆಗೆ ಹೆಣೆಯುವುದು ಜಾಣತನ. ಕೆಳಗಿನ ಲೆಕ್ಕಗಳೆಲ್ಲ ಮೂರರಿಂದ ಆರು ತಿಂಗಳ ಮಗುವಿನವು.

ನೂಲಿನ ವಿಷಯದಲ್ಲಿ ಆಸೆಗಿಂತ ಹವೆಯ ಮಾತು ಕೇಳಬೇಕು. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಬೆಳೆಯುವ ಮಗುವಿಗೆ ಮೃದುವಾದ ಮೆರಿನೋ ಉಣ್ಣೆ ಒಪ್ಪುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದು ಶಿಕ್ಷೆ, ಅಲ್ಲಿಗೆ ಹತ್ತಿಯ ನೂಲೇ ಸರಿ. ಹತ್ತಿಗೆ ಉಣ್ಣೆಯ ಹಾಗೆ ಎಳೆದುಬಿಟ್ಟರೆ ಹಿಂದಕ್ಕೆ ಸರಿಯುವ ಗುಣವಿಲ್ಲದಿರುವುದರಿಂದ ಅಂಚುಗಳನ್ನು ಸ್ವಲ್ಪ ಬಿಗಿಯಾಗಿ ಹೆಣೆಯಬೇಕಾಗುತ್ತದೆ. ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಅದು ಕೆಟ್ಟದ್ದೇನಲ್ಲ, ಪದೇಪದೇ ಒಗೆಯುವ ಮನೆಗೆ ಅನುಕೂಲವೇ. ಆದರೆ ಏನು ಕೊಂಡಿದ್ದೇವೆಂದು ನಮಗೆ ತಿಳಿದಿರಬೇಕು. ಬೆರಳುದ್ದದ ನೂಲನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಿದರೆ ತಿಳಿಯುತ್ತದೆ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಹತ್ತಿಯಾದರೆ ಕಾಗದ ಸುಟ್ಟಂತಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮದೇ ದಖ್ಖನಿ ಕುರಿಯ ಉಣ್ಣೆಯ ಮೇಲೆ ನನಗೆ ಪ್ರೀತಿಯಿದ್ದರೂ ಮಗುವಿನ ಕೆನ್ನೆಗೆ ಅದು ತೀರ ಒರಟು. ಅದರ ಜಾಗ ಚಳ್ಳಕೆರೆಯ ಕಂಬಳಿಯಲ್ಲಿ. ಬಣ್ಣವನ್ನು ಇಷ್ಟ ಬಂದಂತೆ ಆರಿಸಬಹುದು, ಆದರೆ ಕಪ್ಪು ಮತ್ತು ಕಡುನೀಲಿ ಬೇಡ, ಏಕೆಂದರೆ ಕಲಿಯುವವರಿಗೆ ಆ ಬಣ್ಣಗಳಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದೇ ಇಲ್ಲ.

ಕಡ್ಡಿ 8ನೇ ನಂಬರಿನದು, ಅಂದರೆ 4 ಮಿ.ಮೀ. ದಪ್ಪದ್ದು. ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಕ್ರಮದ ಹಳೆಯ ನಂಬರು. ಅದರಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ಮಾದರಿಗಳಲ್ಲಿ ಇದು ತಲೆಕೆಳಗು, ಹೀಗಾಗಿ ಯಾವಾಗಲೂ ಮಿಲಿಮೀಟರನ್ನೇ ನಂಬುವುದು ಕ್ಷೇಮ. ಇದರ ಜೊತೆಗೆ 9ನೇ ನಂಬರಿನ ಒಂದು ಜೊತೆ, ಎರಡೂ ತುದಿ ಚೂಪಾಗಿರುವ ಎರಡು ಕಡ್ಡಿ, ಒಂದು ಕ್ರೋಶಾ ಕಡ್ಡಿ, ಮೊಂಡು ತುದಿಯ ದಪ್ಪ ಸೂಜಿ, ಕೊನೆಗೆ ಮುಚ್ಚಲು 7ನೇ ನಂಬರಿನ ಒಂದು ಕಡ್ಡಿ ಇವಿಷ್ಟು ಸಾಕು.

ಮೊದಲು ಒಂದು ತುಂಡು

ಕುಲಾವಿಗೆ ಕೈ ಹಾಕುವ ಮುನ್ನ ಅದೇ ನೂಲಿನಲ್ಲಿ, ಅದೇ ಕಡ್ಡಿಯಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಮಾಡುತ್ತ ಅಂಗೈಯಗಲದ ತುಂಡೊಂದನ್ನು ಹೆಣೆಯಬೇಕು. ಅದನ್ನು ನೆನೆಸಿ, ಹಿಂಡದೆ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವಿನ 10 ಸೆಂ.ಮೀ. ಒಳಗೆ ಎಷ್ಟು ಕುಣಿಕೆಗಳಿವೆಯೆಂದು ಎಣಿಸಬೇಕು. ನಮಗೆ ಬೇಕಾದದ್ದು 22. ಈ ಕೆಲಸವನ್ನು ಹಾರಿಸಿಬಿಡುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಲೆಕ್ಕ ನೋಡಿ: 66 ಕುಣಿಕೆಗಳ ಮುಂದಂಚು 22ರ ಲೆಕ್ಕದಲ್ಲಿ 30 ಸೆಂ.ಮೀ. ಆಗುತ್ತದೆ, 20ರ ಲೆಕ್ಕದಲ್ಲಿ 33, 24ರ ಲೆಕ್ಕದಲ್ಲಿ 27.5. ಐದೂವರೆ ಸೆಂಟಿಮೀಟರಿನ ಈ ಅಂತರ ಮಗುವಿನ ತಲೆಗೆ ಬಹಳ ದೊಡ್ಡದು. ನಿಮಗೆ 24 ಬಂದರೆ 7ನೇ ನಂಬರಿನ ದಪ್ಪ ಕಡ್ಡಿ, 20 ಬಂದರೆ 9ನೇ ನಂಬರಿನ ಸಣ್ಣ ಕಡ್ಡಿ ಹಿಡಿದು ಇನ್ನೊಮ್ಮೆ ಅಳೆಯಿರಿ. ಕೈಯನ್ನು ಬಲವಂತವಾಗಿ ಸಡಿಲಿಸಿಯೋ ಬಿಗಿ ಮಾಡಿಯೋ ಸರಿಪಡಿಸಲು ಹೋದರೆ, ಹತ್ತು ಸಾಲು ಕಳೆಯುವಷ್ಟರಲ್ಲಿ ಕೈ ತನ್ನ ಹಳೆಯ ಚಾಳಿಗೆ ಮರಳುತ್ತದೆ.

ಈ ತುಂಡನ್ನು ಬಿಸಾಡಬೇಡಿ. ಮುಂದೆ ಬರುವ ಪ್ರತಿಯೊಂದು ಹೊಸ ವಿಧಾನವನ್ನೂ ಮೊದಲು ಇದರ ಮೇಲೆ ಒಮ್ಮೆ ಮಾಡಿ, ಆಮೇಲೆ ಉಡುಗೊರೆಯ ಮೇಲೆ ಮಾಡಬೇಕು.

ಹಲ್ಲು ಹಲ್ಲಾದ ಅಂಚು

ಉದ್ದ ಬಾಲ ಬಿಟ್ಟು ಕುಣಿಕೆ ಹಾಕುವ ವಿಧಾನದಲ್ಲಿ 66 ಕುಣಿಕೆಗಳಿಗೆ ಸುಮಾರು 120 ಸೆಂ.ಮೀ. ನೂಲನ್ನು ಮೊದಲೇ ಬಿಟ್ಟುಕೊಳ್ಳಬೇಕು. 9ನೇ ನಂಬರಿನ ಕಡ್ಡಿಯಲ್ಲಿ ಕುಣಿಕೆ ಹಾಕಿ, ನಿಟ್‌ನಿಂದ ಆರಂಭಿಸಿ ನಾಲ್ಕು ಸಾಲು ನಿಟ್, ಪರ್ಲ್ ಮಾಡಿ. ಈ ನಾಲ್ಕು ಸಾಲು ಮಡಿಚಿ ಒಳಗೆ ಹೋಗುವವು. ಸಣ್ಣ ಕಡ್ಡಿಯಲ್ಲಿ ಹೆಣೆದರೆ ಒಳಪದರ ಹೊರಪದರಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿ ಅಂಚು ಸೊಟ್ಟಗಾಗದೆ ಕೂರುತ್ತದೆ.

ಐದನೆಯ ಸಾಲಿಗೆ 8ನೇ ನಂಬರಿನ ಕಡ್ಡಿಗೆ ಬದಲಾಯಿಸಿಕೊಂಡು ಹೀಗೆ ಮಾಡಿ: ಒಂದು ನಿಟ್, ನೂಲನ್ನು ಎರಡು ಕಡ್ಡಿಗಳ ನಡುವಿನಿಂದ ಮುಂದಕ್ಕೆ ತಂದು ಬಲಗಡ್ಡಿಯ ಮೇಲೆ ಹಾಯಿಸಿ, ನಂತರದ ಎರಡು ಕುಣಿಕೆಗಳನ್ನು ಸೇರಿಸಿ ಒಂದೇ ನಿಟ್ ಮಾಡಿ. ಹಾಯಿಸುವುದು, ಸೇರಿಸುವುದು ಈ ಜೋಡಿಯನ್ನು 32 ಸಲ ಮಾಡಿದರೆ ಕೊನೆಗೊಂದು ಕುಣಿಕೆ ಉಳಿಯುತ್ತದೆ, ಅದನ್ನು ನಿಟ್ ಮಾಡಿ. ಹಾಯಿಸಿದ ಪ್ರತಿ ನೂಲೂ ಹೊಸ ಕುಣಿಕೆಯಾಗಿ, ಸೇರಿಸಿದ ಪ್ರತಿ ಜೋಡಿಯೂ ಒಂದನ್ನು ಕಳೆಯುವುದರಿಂದ ಕಡ್ಡಿಯ ಮೇಲೆ ಮತ್ತೆ 66 ಇರಲೇಬೇಕು. 65 ಇದ್ದರೆ ಎಲ್ಲೋ ನೂಲು ಹಾಯಿಸುವುದು ಮರೆತಿದೆ; ಆಗ ಸಾಲನ್ನೆಲ್ಲ ಬಿಚ್ಚಬೇಕಿಲ್ಲ, ತೂತು ಬೀಳದ ಜಾಗವನ್ನು ಹುಡುಕಿ, ಮುಂದಿನ ಸಾಲಿನಲ್ಲಿ ಅಲ್ಲಿಗೆ ಬಂದಾಗ ಎರಡು ಕುಣಿಕೆಗಳ ನಡುವಿನ ಅಡ್ಡನೂಲನ್ನು ಕಡ್ಡಿಗೆ ಎತ್ತಿಕೊಂಡು ಪರ್ಲ್ ಮಾಡಿದರೆ ಸಾಕು. ತೂತುಗಳ ಈ ಸಾಲಿನ ಗುಂಟ ಬಟ್ಟೆಯನ್ನು ಮಡಿಚಿ ನೋಡಿ: ತೂತುಗಳು ಅರ್ಧಕ್ಕೆ ಮಡಿದು, ನಡುವಿನ ನೂಲು ಅಕ್ಕಿ ಕಾಳಿನಂಥ ಹಲ್ಲುಗಳಾಗಿ ನಿಲ್ಲುತ್ತದೆ. ಸಾಲು ಹೆಣೆಯುವಾಗ ಬರೀ ತೂತು ಕಂಡದ್ದು ಮಡಿಚಿದೊಡನೆ ಅಂಚಾಗುವ ಆ ಗಳಿಗೆ ನನಗೆ ಇಂದಿಗೂ ಬೇಸರ ತಂದಿಲ್ಲ.

ಆರನೆಯ ಸಾಲನ್ನು ಪರ್ಲ್ ಮಾಡಿ, ಅಲ್ಲಿಂದ 40ನೆಯ ಸಾಲಿನವರೆಗೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹೀಗೆ ಸಾದಾ ಹೆಣೆಯುತ್ತ ಹೋಗಿ. ಇಲ್ಲಿ ಒಂದೆರಡು ಲೇಸ್ ಹೂವು ಸೇರಿಸೋಣವೇ ಎಂದು ಮನಸ್ಸು ಎಳೆಯುತ್ತದೆ. ಮೊದಲ ಕುಲಾವಿಯಲ್ಲಿ ಬೇಡ. ಮುಂದಿನ ಪಾಠಕ್ಕೆ ತಲೆ ಖಾಲಿ ಇರಬೇಕು.

ಹಿಂಬದಿಯ ತಿರುವು

ಈಗ ಕೈಯಲ್ಲಿರುವುದು ಕೇವಲ ಒಂದು ಆಯತ. ಅದನ್ನು ತಲೆಯ ಆಕಾರಕ್ಕೆ ತರುವ ಉಪಾಯ ಕಾಲುಚೀಲ ಹೆಣೆಯುವವರಿಂದ ಬಂದದ್ದು. ಅವರು ಹಿಮ್ಮಡಿಯನ್ನು ತಿರುಗಿಸುವ ಕ್ರಮಗಳಲ್ಲಿ ಡಚ್ ಹೀಲ್ ಎಂಬುದೊಂದುಂಟು. ಇಲ್ಲಿ ಮಾಡುವುದೂ ಅದನ್ನೇ, ಸ್ವಲ್ಪ ದೊಡ್ಡದಾಗಿ. ಕುಲಾವಿಯಲ್ಲಿ ಇದನ್ನು ಕಲಿತವರಿಗೆ ಮುಂದೆ ಕಾಲುಚೀಲ ಹೆದರಿಸುವುದಿಲ್ಲ.

66 ಕುಣಿಕೆಗಳನ್ನು 22ರ ಮೂರು ಪಾಲು ಮಾಡಿ, ಪಾಲುಗಳ ನಡುವೆ ಬೇರೆ ಬಣ್ಣದ ನೂಲಿನ ಉಂಗುರವೊಂದನ್ನು ಕಡ್ಡಿಗೆ ಹಾಕಿಕೊಳ್ಳಿ. ನಡುವಿನ 22 ಕುಣಿಕೆಗಳು ಮಾತ್ರ ಮುಂದೆ ಬೆಳೆಯುತ್ತ ತಲೆಯ ಹಿಂಬದಿಯಾಗುತ್ತವೆ; ಬೆಳೆಯುತ್ತಲೇ, ಪ್ರತಿ ಸಾಲಿನ ಕೊನೆಯಲ್ಲಿ ಪಕ್ಕದ ಪಾಲಿನಿಂದ ಒಂದೊಂದು ಕುಣಿಕೆಯನ್ನು ನುಂಗುತ್ತವೆ. ಇಷ್ಟು ಹೊಳೆದರೆ ಉಳಿದದ್ದು ಎಣಿಕೆ ಮಾತ್ರ.

ಮೊದಲ ಸಾಲು, ಹೊರಮೈ ನಿಮ್ಮ ಕಡೆಗೆ: 43 ಕುಣಿಕೆಗಳನ್ನು ನಿಟ್ ಮಾಡಿ. ನಂತರದ ಎರಡು ಕುಣಿಕೆಗಳಲ್ಲಿ ಒಂದು ನಡುವಿನ ಪಾಲಿನ ಕೊನೆಯದು, ಇನ್ನೊಂದು ಪಕ್ಕದ ಪಾಲಿನ ಮೊದಲನೆಯದು. ನಡುವೆ ಅಡ್ಡ ಬರುವ ಉಂಗುರವನ್ನು ತೆಗೆದುಬಿಡಿ. ಇವೆರಡನ್ನೂ ಒಂದೊಂದಾಗಿ, ನಿಟ್ ಮಾಡಲು ಹೊರಟಂತೆ ಕಡ್ಡಿ ತೂರಿಸಿ, ಹೆಣೆಯದೆ ಬಲಗಡ್ಡಿಗೆ ಜಾರಿಸಿ. ಎಡಗಡ್ಡಿಯ ತುದಿಯನ್ನು ಎರಡರ ಮುಂಭಾಗದಲ್ಲೂ ಒಟ್ಟಿಗೆ ತೂರಿಸಿ, ಎರಡನ್ನೂ ಸೇರಿಸಿ ಒಂದೇ ನಿಟ್ ಮಾಡಿ. ಎಡಕ್ಕೆ ವಾಲುವ ಕಡಿತವೆಂದರೆ ಇದೇ. ಪಕ್ಕದಲ್ಲಿ ಇನ್ನೂ 21 ಕುಣಿಕೆಗಳು ಉಳಿದಿದ್ದರೂ ಅವನ್ನು ಅಲ್ಲೇ ಬಿಟ್ಟು ಕೆಲಸವನ್ನು ಹಿಂದಕ್ಕೆ ತಿರುಗಿಸಿ. ಮೊದಲ ಬಾರಿ ಹೀಗೆ ಸಾಲಿನ ನಡುವೆ ತಿರುಗುವಾಗ ಏನೋ ತಪ್ಪು ಮಾಡುತ್ತಿದ್ದೇವೆ ಅನ್ನಿಸುವುದು ಸಹಜ, ಧೈರ್ಯವಾಗಿ ತಿರುಗಿ.

ಎರಡನೆಯ ಸಾಲು, ಒಳಮೈ ನಿಮ್ಮ ಕಡೆಗೆ: ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸಿ, 20 ನಿಟ್ ಮಾಡಿ, ನಂತರದ ಎರಡನ್ನು ಸೇರಿಸಿ ಪರ್ಲ್ ಮಾಡಿ ತಿರುಗಿಸಿ. ಈ ಪರ್ಲ್ ಕಡಿತ ಹೊರಮೈಯಿಂದ ಬಲಕ್ಕೆ ವಾಲಿದಂತೆ ಕಂಡು, ಎರಡು ಬದಿಯ ಗೆರೆಗಳೂ ಕನ್ನಡಿಯಲ್ಲಿ ನೋಡಿದಂತೆ ಹೊಂದುತ್ತವೆ. ಮೂರನೆಯ ಸಾಲು: ಒಂದನ್ನು ಜಾರಿಸಿ, 20 ನಿಟ್, ಮೊದಲ ಸಾಲಿನಂತೆಯೇ ಎಡಕ್ಕೆ ವಾಲುವ ಕಡಿತ, ತಿರುಗಿಸುವುದು. ಇನ್ನು ಮುಂದೆ ಈ ಎರಡು ಸಾಲುಗಳನ್ನೇ ಮಾಡುತ್ತ ಹೋಗಬೇಕು. ಕುಣಿಕೆ ಜಾರಿಸುವಾಗ ನೂಲು ಎಲ್ಲಿರಬೇಕೆಂಬ ಗೊಂದಲಕ್ಕೆ ಒಂದೇ ಉತ್ತರ: ಯಾವಾಗಲೂ ಕುಲಾವಿಯ ಒಳಮೈಯ ಕಡೆಗೆ.

ಹಿಂಬದಿಯನ್ನು ಪರ್ಲ್ ಇಲ್ಲದೆ ಎರಡೂ ಕಡೆ ನಿಟ್ ಮಾಡಲು ಹೇಳಿದ್ದಕ್ಕೆ ಕಾರಣವಿದೆ. ಬದಿಯ ಒಂದು ಕುಣಿಕೆಯನ್ನು ನುಂಗಲು ಹಿಂಬದಿಗೆ ಎರಡು ಸಾಲು ಬೇಕು. ಎಲ್ಲ ಸಾಲೂ ನಿಟ್ ಆದ ಹೆಣಿಗೆಯಲ್ಲಿ ಎರಡು ಸಾಲುಗಳ ಎತ್ತರ ಹೆಚ್ಚುಕಡಿಮೆ ಒಂದು ಕುಣಿಕೆಯ ಅಗಲದಷ್ಟೇ ಇರುವುದರಿಂದ ಎರಡೂ ಬಟ್ಟೆಗಳು ಸುಕ್ಕಿಲ್ಲದೆ ಕೂಡುತ್ತವೆ. ನಿಟ್, ಪರ್ಲ್ ಸಾಲುಗಳಲ್ಲಿ ಮಾಡಿದರೆ ಎರಡು ಸಾಲು ಅದಕ್ಕಿಂತ ಎತ್ತರವಾಗಿ ಹಿಂಬದಿ ಪೂರಿಯಂತೆ ಉಬ್ಬುತ್ತದೆ. ಹಾಗೆ ಉಬ್ಬಿದ ಕುಲಾವಿಯನ್ನೂ ಇಷ್ಟಪಡುವವರಿದ್ದಾರೆ.

ನಾಲ್ಕಾರು ಸಾಲು ಕಳೆದ ಮೇಲೆ ಕಡ್ಡಿಯ ಮೇಲೆ ಗಮನವಿಟ್ಟು ನೋಡಿದರೆ, ಹೆಣೆದ ಕುಣಿಕೆಗಳಿಗೂ ಕಾಯುತ್ತಿರುವ ಕುಣಿಕೆಗಳಿಗೂ ನಡುವೆ ಒಂದು ಸಣ್ಣ ಸಂದು ಕಾಣುತ್ತದೆ. ಆ ಸಂದೇ ನಿಮ್ಮ ಗುರುತು. ಸಂದಿನ ಈಚೆಯದೊಂದು, ಆಚೆಯದೊಂದು ಸೇರಿಸಿ ಸಂದನ್ನು ಮುಚ್ಚುವುದು, ತಿರುಗುವುದು, ಇಷ್ಟೇ. ಅದು ಕಾಣತೊಡಗಿದ ಮೇಲೆ ಎಣಿಸುವ ಅಗತ್ಯವೂ ಇಲ್ಲ. ನನ್ನ ಎರಡನೆಯ ಕುಲಾವಿಯಲ್ಲಿ ಫೋನಿನಲ್ಲಿ ಮಾತಾಡುತ್ತ ಹೆಣೆದು, ಕೊನೆಗೆ ಬಲಬದಿ ಖಾಲಿಯಾದಾಗ ಎಡಬದಿಯಲ್ಲಿ ಮೂರು ಕುಣಿಕೆಗಳು ಪಿಳಿಪಿಳಿ ನೋಡುತ್ತ ಕೂತಿದ್ದವು. ಮೂರು ಕಡೆ ಸಂದು ಮುಚ್ಚದೆ, ಕೊನೆಯ ಕುಣಿಕೆಯನ್ನು ಸುಮ್ಮನೆ ನಿಟ್ ಮಾಡಿ ತಿರುಗಿದ್ದೆ. ಅಲ್ಲಿ ಮೂರು ತೂತುಗಳು ಬಿದ್ದಿದ್ದವು. ಬಿಚ್ಚದೆ ಬೇರೆ ದಾರಿಯಿರಲಿಲ್ಲ.

ಬಿಚ್ಚುವ ಭಯಕ್ಕೆ ಮದ್ದೊಂದಿದೆ. ಹಿಂಬದಿ ಆರಂಭಿಸುವ ಮುನ್ನ, 40ನೆಯ ಸಾಲು ಮುಗಿದೊಡನೆ, ಮೊಂಡು ಸೂಜಿಗೆ ನುಣುಪಾದ ಬೇರೆ ಬಣ್ಣದ ದಾರವನ್ನು ಪೋಣಿಸಿ ಕಡ್ಡಿಯ ಮೇಲಿನ 66 ಕುಣಿಕೆಗಳೊಳಗೂ, ಉಂಗುರಗಳನ್ನು ತಪ್ಪಿಸಿ, ಹಾಯಿಸಿ ಬಿಡಿ. ಹಲ್ಲಿನ ಸಂದು ಉಜ್ಜುವ ಫ್ಲಾಸ್ ಇದಕ್ಕೆ ಬಹಳ ಒಳ್ಳೆಯದು. ಮುಂದೆ ಏನೇ ಎಡವಟ್ಟಾದರೂ ಕಡ್ಡಿ ತೆಗೆದು ಧಾರಾಳವಾಗಿ ಎಳೆದು ಬಿಚ್ಚಬಹುದು. ಹೆಣಿಗೆ ಆ ದಾರದ ಹತ್ತಿರ ಬಂದು ತಾನಾಗಿ ನಿಲ್ಲುತ್ತದೆ. ಒಂದೇ ಕುಣಿಕೆ ಜಾರಿ ಕೆಳಗಿಳಿದಿದ್ದರಂತೂ ಬಿಚ್ಚುವುದೇ ಬೇಡ, ಕ್ರೋಶಾ ಕಡ್ಡಿಯಲ್ಲಿ ಏಣಿಯ ಮೆಟ್ಟಿಲು ಹತ್ತಿಸಿದಂತೆ ಒಂದೊಂದೇ ಅಡ್ಡನೂಲಿನ ಮೂಲಕ ಮೇಲಕ್ಕೆ ತಂದರಾಯಿತು.

44 ಸಾಲುಗಳ ಕೊನೆಗೆ ಎರಡೂ ಬದಿ ಖಾಲಿಯಾಗಿ ಕಡ್ಡಿಯ ಮೇಲೆ 22 ಕುಣಿಕೆಗಳಷ್ಟೇ ಉಳಿಯುತ್ತವೆ. ಸುಮಾರು 15 ಸೆಂ.ಮೀ. ಬಿಟ್ಟು ನೂಲು ಕತ್ತರಿಸಿ.

ಕತ್ತಿನ ಪಟ್ಟಿ

ಮೊದಲು ಮುಂದಂಚನ್ನು ಮಡಿಚಿ ಹೊಲಿದುಬಿಡಿ: ಕುಣಿಕೆ ಹಾಕಿದ ಅಂಚಿನ ಒಂದೊಂದು ಕುಣಿಕೆಯನ್ನು ಅದರ ನೇರಕ್ಕಿರುವ ಒಳಮೈಯ ಪರ್ಲ್ ಉಬ್ಬಿಗೆ ಸಡಿಲವಾಗಿ ಸೇರಿಸುತ್ತ ಹೋಗಬೇಕು. ದಾರ ಬಿಗಿದರೆ ಹೊರಮೈಯಲ್ಲಿ ಗುಳಿ ಬೀಳುತ್ತದೆ.

ಹೊರಮೈ ನಿಮ್ಮ ಕಡೆಗಿರಲಿ, ಕತ್ತಿನ ಅಂಚು ಮೇಲಕ್ಕಿರಲಿ. ಬಲ ಮೂಲೆಯಿಂದ, ಅಂದರೆ ಹಲ್ಲಂಚಿನ ತುದಿಯಿಂದ, ಹೊಸ ನೂಲು ಸೇರಿಸಿ ಕೆಲಸ ಶುರುಮಾಡಿ. ಅಂಚಿನ ಕುಣಿಕೆಗೂ ಅದರ ಒಳಗಿನ ಕುಣಿಕೆಗೂ ನಡುವೆ ಕಡ್ಡಿ ತೂರಿಸಿ, ಹಿಂದಿನಿಂದ ನೂಲನ್ನು ಕುಣಿಕೆಯಾಗಿ ಎಳೆದು ಕಡ್ಡಿಯ ಮೇಲೆ ಉಳಿಸಿಕೊಳ್ಳುವುದೇ ಕುಣಿಕೆ ಎತ್ತುವುದು. ಮಡಿಚಿದ ಕಡೆ ಎರಡು ಪದರಗಳನ್ನೂ ಒಟ್ಟಿಗೆ ಹಿಡಿಯಿರಿ. ಪ್ರತಿ ಸಾಲಿಗೂ ಒಂದು ಎತ್ತಿದರೆ ಅಂಚು ಅಲೆಅಲೆಯಾಗುತ್ತದೆ. ಎರಡು ಸಾಲಿಗೆ ಎತ್ತಿ ಮೂರನೆಯದನ್ನು ಬಿಡುವ ಲೆಕ್ಕದಲ್ಲಿ ಹೋದರೆ ಹಿಂಬದಿಗೆ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ 22 ಬರುತ್ತದೆ. ಒಂದೆರಡು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ, ಎರಡು ಬದಿಯೂ ಒಂದೇ ಸಂಖ್ಯೆ ಇದ್ದರಾಯಿತು. ನಡುವಿನ 22 ಕುಣಿಕೆಗಳನ್ನು ಎರಡೆರಡು ಸೇರಿಸಿ ನಿಟ್ ಮಾಡಿ 11ಕ್ಕೆ ಇಳಿಸಿ, ಆಚೆ ಬದಿಯಲ್ಲಿ ಮತ್ತೆ 22 ಎತ್ತಿ. ಒಟ್ಟು 55 ಕುಣಿಕೆ, ಸುಮಾರು 25 ಸೆಂ.ಮೀ. ಕತ್ತು. ಆರು ಸಾಲು ನಿಟ್ ಮಾಡಿ ಮುಚ್ಚಿ. ಮುಚ್ಚುವಾಗ ಬಲಗೈಗೆ 7ನೇ ನಂಬರಿನ ಕಡ್ಡಿ ತೆಗೆದುಕೊಂಡರೆ ಅಂಚು ಬಿಗಿಯುವುದಿಲ್ಲ. ಕೊನೆಯ ಮೂರು ಕುಣಿಕೆಗಳನ್ನು ಮಾತ್ರ ಮುಚ್ಚದೆ ಉಳಿಸಿಕೊಳ್ಳಿ.

ದಾರ

ಆ ಮೂರನ್ನು ಎರಡೂ ತುದಿ ಚೂಪಾದ ಕಡ್ಡಿಗೆ ವರ್ಗಾಯಿಸಿ ನಿಟ್ ಮಾಡಿ. ಈಗ ಕೆಲಸವನ್ನು ತಿರುಗಿಸದೆ, ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಸರಿಸಿ, ಎಡತುದಿಯಲ್ಲಿರುವ ನೂಲನ್ನು ಹಿಂದಿನಿಂದ ಎಳೆದು ತಂದು ಮತ್ತೆ ಮೂರನ್ನೂ ನಿಟ್ ಮಾಡಿ. ಪ್ರತಿ ಸಲವೂ ಮೊದಲ ಕುಣಿಕೆಯನ್ನು ಬಿಗಿಯಾಗಿ ಎಳೆದರೆ ಹಿಂದಿನ ಸಂದು ಮುಚ್ಚಿಕೊಂಡು, ಚಪ್ಪಟೆ ಪಟ್ಟಿಯ ಬದಲು ದುಂಡನೆಯ ದಾರ ಬರುತ್ತದೆ. ಮೊದಲ ನಾಲ್ಕೈದು ಸಾಲು ನೋಡಲು ಚೆನ್ನಾಗಿರುವುದಿಲ್ಲ; ದಾರವನ್ನು ಒಮ್ಮೆ ಕೆಳಕ್ಕೆ ಜಗ್ಗಿದರೆ ತಾನೇ ಸರಿಹೋಗುತ್ತದೆ. ಇನ್ನೊಂದು ಮೂಲೆಯಲ್ಲಿ ಮೂರು ಕುಣಿಕೆ ಎತ್ತಿ ಅದೇ ಬಗೆಯಲ್ಲಿ ಎರಡನೆಯ ದಾರ ಹೆಣೆಯಿರಿ.

ಒಂದೊಂದು ದಾರವೂ 18 ಸೆಂ.ಮೀ. ಮೀರಬಾರದು. ಅಂದಕ್ಕಾಗಿ ಉದ್ದ ಬಿಡುವುದು, ತುದಿಗೆ ಮಣಿ ಅಥವಾ ಗುಂಡಿ ಕಟ್ಟುವುದು ಎರಡೂ ಅಪಾಯ: ಉದ್ದದ ದಾರ ಕತ್ತಿಗೆ ಸುತ್ತಿಕೊಳ್ಳಬಹುದು, ಮಣಿ ಕಿತ್ತು ಬಾಯಿಗೆ ಹೋಗಬಹುದು. ಮಗು ಮಲಗಿರುವಾಗ ಕುಲಾವಿ ತೆಗೆದಿಡಬೇಕೆಂಬುದನ್ನು ಕೊಡುವಾಗಲೇ ಹೇಳಬೇಕು. ಎಳೆಯ ಮಗು ಮೈಯ ಶಾಖವನ್ನು ತಲೆಯಿಂದಲೂ ಸಾಕಷ್ಟು ಹೊರಬಿಡುತ್ತದೆ. ಮನೆಯೊಳಗೆ ತಲೆ ಮುಚ್ಚಿ ಮಲಗಿಸಿದರೆ ಮೈ ಅತಿಯಾಗಿ ಕಾಯುತ್ತದೆ. ಬಾಣಂತಿಯ ಕೋಣೆಯಲ್ಲಿ ಈ ಮಾತಿಗೆ ಅಜ್ಜಿಯರಿಂದ ವಿರೋಧ ಬರುವುದುಂಟು. ಆದರೂ ಹೇಳಿ.

ಕೊಡುವ ಮುನ್ನ

ನೂಲಿನ ತುದಿಗಳನ್ನೆಲ್ಲ ಸೂಜಿಯಲ್ಲಿ ಒಳಮೈಗೆ ಹೊಲಿದು, ಒಳಗೆ ಕೈಯಿಟ್ಟು ಗಂಟು ಚುಚ್ಚುತ್ತದೆಯೇ ಎಂದು ಬೆರಳಾಡಿಸಿ ನೋಡಬೇಕು. ನಂತರ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜದೆ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ಒಂದು ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ನೆರಳಲ್ಲಿ ಒಣಗಿಸಿ. ಅಕ್ರಿಲಿಕ್ ಆದರೆ ಇಸ್ತ್ರಿ ಮುಟ್ಟಿಸಬಾರದು, ಒಮ್ಮೆ ಬಿಸಿ ತಾಗಿದರೆ ನೂಲು ಸತ್ತು ಜೋಲುತ್ತದೆ. ಉಣ್ಣೆಗೆ ಬಿಸಿನೀರು ಮತ್ತು ತಿಕ್ಕಾಟ ಎರಡೂ ಕೂಡಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ: ನಾನು ಕೊಟ್ಟ ಮೆರಿನೋ ಕುಲಾವಿಯೊಂದು ವಾಷಿಂಗ್ ಮೆಷಿನ್ನಿಗೆ ಬಿದ್ದು ತೆಂಗಿನ ಚಿಪ್ಪಿನಷ್ಟಾಗಿ, ಹೆಚ್ಚುಕಡಿಮೆ ಅಷ್ಟೇ ಗಟ್ಟಿಯಾಗಿಯೂ ಹೊರಬಂದಿತ್ತು. ತಪ್ಪು ಅವರದಲ್ಲ, ಒಗೆಯುವ ಬಗೆಯನ್ನು ನಾನು ತಿಳಿಸಿರಲಿಲ್ಲ. ಆಗಿನಿಂದ ಪ್ರತಿ ಕುಲಾವಿಯ ಜೊತೆಗೂ ಅಂಗೈಯಗಲದ ಚೀಟಿಯೊಂದರಲ್ಲಿ ನೂಲು ಯಾವುದು, ಹೇಗೆ ಒಗೆಯಬೇಕು ಎಂದು ಎರಡು ಸಾಲು ಬರೆದು, ಉಳಿದ ನೂಲಿನಲ್ಲಿ ಎರಡು ಮೀಟರನ್ನು ಅದಕ್ಕೇ ಸುತ್ತಿ ಕೊಡುತ್ತೇನೆ. ಎಲ್ಲಾದರೂ ಎಳೆ ಕಿತ್ತರೆ ಅದೇ ಬಣ್ಣ ಕೈಗೆ ಸಿಗಲಿ ಎಂದು.